ಸಾಕರ್ ಎಂದರೆ ನಗುವವರಿಗೆ

ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಕಾಲ್ಚೆಂಡಾಟದ ಪಂಡಿತರು ನಾಲ್ಕೈದು ಮಂದಿ ಇದ್ದಾರೆ. ಒಬ್ಬರು ಆರ್ಸೆನಲ್ ಪಕ್ಷದವರು, ಇಬ್ಬರು ಮ್ಯಾಂಚೆಸ್ಟರಿನವರು, ಉಳಿದವರು ಆ ವಾರ ಯಾರು ಗೆದ್ದರೋ ಅವರ ಪಕ್ಷ. ಇಂಥವರ ನಡುವೆ ಕುಳಿತು ಒಂದು ದಿನ ನಾನು, ಅಮೆರಿಕದ ಲೀಗಿನ ಆಟವೆಂದರೆ ನನಗೆ ಇಷ್ಟವೆಂದು ಬಾಯಿತಪ್ಪಿ ಹೇಳಿಬಿಟ್ಟೆ. ಹೇಳಿದುದೇ ತಡ, ಮೇಜಿನ ಸುತ್ತ ನಗುವೆದ್ದಿತು. “ಅಮೆರಿಕದವ್ರಿಗೆ ಫುಟ್‌ಬಾಲ್ ಎಲ್ಲಿಂದ ಬರಬೇಕ್ರಿ? ಅದು ಸಿನಿಮಾದವ್ರ ಆಟ ಬಿಡ್ರಿ” ಎಂದರೊಬ್ಬರು. “ಅದಕ್ಕ ಅವ್ರು ಸಾಕರ್ ಅಂತಾರಲ್ಲ, ಅಲ್ಲೇ ತಿಳೀತದ” ಎಂದರು ಇನ್ನೊಬ್ಬರು. ಚಹ ಆರಿಹೋಯಿತೇ ಹೊರತು ನನಗೆ ಉತ್ತರ ಹೊಳೆಯಲಿಲ್ಲ. ಮಾತಿನಲ್ಲಿ ಸೋತವರು ಲೇಖನಿ ಹಿಡಿಯುವುದು ವಾಡಿಕೆಯಷ್ಟೆ. ಸಂಪಾದಕ ಸಮಿತಿಯವರು ಇದೇ ಸಮಯದಲ್ಲಿ ಲೇಖನ ಕೇಳಿದುದು ನನ್ನ ಪುಣ್ಯ.

ಮೊದಲು ಆ ಹೆಸರಿನ ವಿಚಾರ. ‘ಸಾಕರ್’ ಎಂಬುದು ಅಮೆರಿಕದವರು ಹುಟ್ಟಿಸಿದ ಶಬ್ದವಲ್ಲ; ಅದು ಅಪ್ಪಟ ಇಂಗ್ಲೆಂಡಿನದು. ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳಿಗೆ ಯಾವ ಶಬ್ದವನ್ನಾದರೂ ಮೊಟಕುಮಾಡಿ ಕೊನೆಗೆ ‘ಅರ್’ ಎಂದು ಬಾಲ ಹಚ್ಚುವ ಚಾಳಿಯಿತ್ತು. ರಗ್ಬಿ ಅವರ ಬಾಯಲ್ಲಿ ‘ರಗರ್’ ಆಯಿತು. ‘ಅಸೋಸಿಯೇಷನ್ ಫುಟ್‌ಬಾಲ್’ ಎಂಬ ಉದ್ದನೆಯ ಹೆಸರಿನ ಹೊಟ್ಟೆಯಿಂದ ಒಂದು ತುಂಡನ್ನು ಕಿತ್ತು ‘ಸಾಕರ್’ ಮಾಡಿದರು. ಇಂಗ್ಲೆಂಡಿನ ಪತ್ರಿಕೆಗಳೂ ಪುಸ್ತಕಗಳೂ 1970ರ ದಶಕದವರೆಗೆ ಈ ಶಬ್ದವನ್ನು ಸಂಕೋಚವಿಲ್ಲದೆ ಬಳಸಿವೆ. ಅಮೆರಿಕದಲ್ಲಿಯಾದರೋ, ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ಓಡುವ ಬೇರೊಂದು ಆಟ ‘ಫುಟ್‌ಬಾಲ್’ ಎಂಬ ಹೆಸರನ್ನು ಆಗಲೇ ಎತ್ತಿಕೊಂಡಿತ್ತು. ಆದುದರಿಂದ ಅವರು ಸಾಕರ್ ಎಂಬುದನ್ನೇ ಇರಿಸಿಕೊಂಡರು. ಕೊಟ್ಟವರು ಮರೆತರು, ಇಸಿದುಕೊಂಡವರು ನಗೆಪಾಟಲಾದರು.

ಈ ನಗು ನನಗೆ ಪರಿಚಯದ್ದು. ಪ್ರಥಮ ವರ್ಷದಲ್ಲಿ ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುವ ಸರದಿ ಬಂದಾಗ, ‘ಡೇಬ್ಯು’ ಎಂದು ಓದಬೇಕಾಗಿದ್ದ ಶಬ್ದವನ್ನು ಅಕ್ಷರವಿದ್ದಂತೆ ‘ಡೆಬಟ್’ ಎಂದು ಓದಿದೆ. ಕೊನೆಯಲ್ಲಿ ಬರೆದ ‘ಟಿ’ಯನ್ನು ನುಂಗಬೇಕೆಂದು ಹೇಳಿಕೊಡುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ನಮ್ಮಪ್ಪ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರು; ಅವ್ವನದು ಹೆಬ್ಬೆಟ್ಟು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಮ್ಮ ಮನೆತನಕ್ಕೆ ನಾನೇ ಮೊದಲಿಗಳು. ತರಗತಿಯೆಲ್ಲ ನಕ್ಕಿತು; ಒಂದು ವಾರ ನನಗೆ ಅದೇ ಹೆಸರಾಯಿತು. ಆ ಶಬ್ದದ ಅರ್ಥ ನನಗೆ ಗೊತ್ತಿತ್ತೇ ಎಂದು ಮಾತ್ರ ಯಾರೂ ಕೇಳಲಿಲ್ಲ. ಗೊತ್ತಿತ್ತು. ಮೊದಲ ಪ್ರವೇಶ ಎಂದರ್ಥ.

ಆದುದರಿಂದ, ಅಮೆರಿಕದವರಿಗೆ ಈ ಆಟದ ವಂಶಾವಳಿಯಿಲ್ಲವೆಂದು ಯಾರಾದರೂ ಹಂಗಿಸಿದರೆ ನನ್ನ ಮನಸ್ಸು ತಾನಾಗಿಯೇ ಅಮೆರಿಕದ ಪಕ್ಷಕ್ಕೆ ಹೋಗಿ ಕುಳಿತುಕೊಳ್ಳುತ್ತದೆ. ಉಳಿದ ವಿಷಯಗಳಲ್ಲಿ ಆ ದೇಶದ ವಕೀಲಿ ನನಗೆ ಬೇಡ. ಆಟದ ವಿಷಯದಲ್ಲಿಯೂ ಅವರದೊಂದು ದೊಡ್ಡ ತಪ್ಪಿದೆ. ಅದು ನಮ್ಮ ಕ್ಯಾಂಟೀನಿನ ಪಂಡಿತರು ತೋರಿಸುವ ತಪ್ಪಲ್ಲ. ಅದನ್ನು ಮುಂದೆ ಹೇಳುತ್ತೇನೆ.

ವಂಶಾವಳಿಯ ಮಾತು ಬಂದುದರಿಂದ 1950ರ ಸಂಗತಿಯೊಂದನ್ನು ನೆನೆಯೋಣ. ಆ ವರ್ಷದ ವಿಶ್ವಕಪ್ ಬ್ರೆಜಿಲಿನಲ್ಲಿ ನಡೆಯಿತು. ಆಟದ ತವರೆನಿಸಿಕೊಂಡ ಇಂಗ್ಲೆಂಡು ಅದರಲ್ಲಿ ಭಾಗವಹಿಸಿದುದು ಅದೇ ಮೊದಲು. ಜೂನ್ 29ರಂದು ಬೆಲೊ ಹೊರಿಜೊಂಟೆ ನಗರದಲ್ಲಿ ಅದಕ್ಕೆ ಎದುರಾದುದು ಅಮೆರಿಕ. ಅಮೆರಿಕದ ಗೋಲ್‌ಕೀಪರ್ ಫ್ರಾಂಕ್ ಬೋರ್ಗಿ ಊರಿನಲ್ಲಿ ಹೆಣ ಸಾಗಿಸುವ ಬಂಡಿ ಓಡಿಸುತ್ತಿದ್ದವನು. ವಾಲ್ಟರ್ ಬಾರ್ ಶಾಲಾ ಮಾಸ್ತರ. ಹ್ಯಾರಿ ಕೀಯೊ ಟಪಾಲು ಹಂಚುವವನು. ಮುನ್ನೆಲೆಯ ಆಟಗಾರ ಜೋ ಗೇಟ್ಯೆನ್ಸ್ ಹೈಟಿ ದೇಶದಿಂದ ನ್ಯೂಯಾರ್ಕಿಗೆ ಓದಲು ಬಂದ ವಿದ್ಯಾರ್ಥಿ. ಖರ್ಚಿಗಾಗಿ ಹೋಟೆಲೊಂದರಲ್ಲಿ ತಟ್ಟೆ ತೊಳೆಯುತ್ತಿದ್ದ. ಮೊದಲ ಅರ್ಧದಲ್ಲಿ ಬಾರ್ ದೂರದಿಂದ ಒದ್ದ ಚೆಂಡಿಗೆ ಈ ಗೇಟ್ಯೆನ್ಸ್ ಹಾರಿ ತಲೆ ಕೊಟ್ಟ. ಒಂದು ಗೋಲು. ಇಂಗ್ಲೆಂಡು ಕೊನೆಯವರೆಗೂ ಹೆಣಗಿದರೂ ಅದು ತೀರಲಿಲ್ಲ.

ಈ ಕಥೆಯನ್ನು ನಾನು ಅಪ್ಪನಿಗೆ ಹೇಳಿದ್ದೇನೆ. ಆದಿತ್ಯವಾರ ಬೆಳಿಗ್ಗೆ ತಮ್ಮನ ಮೊಬೈಲಿನಲ್ಲಿ, ಹಿಂದಿನ ರಾತ್ರಿ ಅಮೆರಿಕದಲ್ಲಿ ನಡೆದ ಆಟದ ಹತ್ತು ನಿಮಿಷದ ತುಣುಕುಗಳನ್ನು ನೋಡುವುದು ನನ್ನ ಪದ್ಧತಿ. ಹಣ ಕೊಟ್ಟು ಇಡೀ ಆಟ ನೋಡುವ ಶಕ್ತಿ ನಮಗಿಲ್ಲ. ಅಪ್ಪ ಬೀಡಿ ಹಚ್ಚಿಕೊಂಡು ಪಕ್ಕದಲ್ಲಿ ಕುಳಿತಿದ್ದರು. “ಮುಸುರಿ ತಿಕ್ಕಾಂವ ಇಂಗ್ಲಿಷರನ್ನ ಸೋಲಿಸಿದ್ನೇನವ್ವಾ?” ಎಂದು ಎರಡು ಸಲ ಕೇಳಿದರು. ಆಮೇಲೆ, “ಮುಂದ ಅವಂದೇನಾತು?” ಎಂದರು. ಅದನ್ನು ಹೇಳಲು ನನಗೆ ಮನಸ್ಸಿರಲಿಲ್ಲ. ಗೇಟ್ಯೆನ್ಸ್ ಕೆಲವು ವರ್ಷಗಳ ನಂತರ ಹೈಟಿಗೆ ಹಿಂದಿರುಗಿದ. 1964ರಲ್ಲಿ ಅಲ್ಲಿನ ಸರ್ವಾಧಿಕಾರಿ ಡುವಾಲಿಯರನ ಕಡೆಯವರು ಅವನನ್ನು ಹಿಡಿದುಕೊಂಡು ಹೋದರು. ಮತ್ತೆ ಅವನನ್ನು ಕಂಡವರಿಲ್ಲ. ಅಪ್ಪ ಬೀಡಿಯನ್ನು ನೆಲಕ್ಕೊತ್ತಿ ಎದ್ದುಹೋದರು.

ಇಂಥ ಗೆಲುವಿನಿಂದ ಅಮೆರಿಕದಲ್ಲಿ ಆಟ ಬೇರೂರಿತೇ? ಇಲ್ಲ. ಆ ದೇಶದ ಬಹುಪಾಲು ಜನ ಅದನ್ನು ಗಮನಿಸಲೂ ಇಲ್ಲ. ಬೇರೂರಿಸುವ ದಾರಿಯೆಂದು ಅವರು ಹಿಡಿದುದು ಸಿನಿಮಾದ ದಾರಿ, ಸಂಗೀತದ ದಾರಿ. ನಮ್ಮ ಮಿತ್ರರು ‘ಸಿನಿಮಾದವ್ರ ಆಟ’ ಎಂದುದರಲ್ಲಿ ಅಷ್ಟರಮಟ್ಟಿಗೆ ನಿಜವಿದೆ. ನ್ಯೂಯಾರ್ಕ್ ಕಾಸ್ಮಾಸ್ ಎಂಬ ತಂಡದ ಒಡೆತನ ವಾರ್ನರ್ ಕಮ್ಯುನಿಕೇಷನ್ಸ್ ಎಂಬ ಚಲನಚಿತ್ರ-ಸಂಗೀತ ಕಂಪನಿಯದು. 1975ರಲ್ಲಿ ಅವರು ಪೆಲೆಯನ್ನು ಕರೆತಂದರು. 1977ರಲ್ಲಿ ಜರ್ಮನಿಯ ಬೆಕೆನ್‌ಬಾವರನನ್ನು ತಂದರು. ಆ ವರ್ಷದ ಆಗಸ್ಟಿನಲ್ಲಿ ನ್ಯೂಜೆರ್ಸಿಯ ಜಯಂಟ್ಸ್ ಕ್ರೀಡಾಂಗಣದಲ್ಲಿ ಒಂದು ಆಟಕ್ಕೆ 77,691 ಮಂದಿ ಸೇರಿದರು. ಮಿಕ್ ಜಾಗರನಂಥ ಹಾಡುಗಾರರು ಆಟ ನೋಡಲು ಬರುತ್ತಿದ್ದರು. ಅದೇ ಸೆಪ್ಟೆಂಬರಿನಲ್ಲಿ ಈ ತಂಡ ಕೋಲ್ಕತ್ತೆಗೂ ಬಂದು, ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನಿನೊಡನೆ 2-2 ಸಮವಾಗಿ ಆಡಿತು. ನಮ್ಮ ದೇಶದ ಜನ ಪೆಲೆಯನ್ನು ಕಣ್ಣಾರೆ ಆಡುತ್ತ ಕಂಡುದು ಅಮೆರಿಕದ ಅಂಗಿಯಲ್ಲಿ ಎಂಬುದನ್ನು ನಗುವವರು ಮರೆಯಬಾರದು.

ಅಕ್ಟೋಬರ್ 1ರಂದು ಪೆಲೆಯ ವಿದಾಯದ ಆಟ. ಒಂದು ಅರ್ಧ ಕಾಸ್ಮಾಸಿನ ಕಡೆ, ಇನ್ನೊಂದರ್ಧ ತನ್ನ ಹಳೆಯ ಸ್ಯಾಂಟೋಸ್ ತಂಡದ ಕಡೆ ಆಡಿದ. ಆಟಕ್ಕೆ ಮುಂಚೆ ನೆರೆದವರೆಲ್ಲರಿಂದ ಪ್ರೀತಿ ಎಂಬ ಒಂದೇ ಶಬ್ದವನ್ನು ಮೂರು ಸಲ ಕೂಗಿಸಿದ. ಇದು ನಾಟಕವಲ್ಲವೇ ಎಂದು ಕೇಳಬಹುದು. ನಾಟಕವೇ ಹೌದು. ನಮ್ಮ ಊರ ಜಾತ್ರೆಯಲ್ಲಿ ಕುಸ್ತಿಯ ಪೈಲವಾನನನ್ನು ಹಲಗೆ ಬಾರಿಸುತ್ತ ಕಣಕ್ಕೆ ಕರೆತರುವುದಿಲ್ಲವೇ? ಹಲಗೆಯ ಸದ್ದಿನಿಂದ ಕುಸ್ತಿ ಕೆಡುವುದೆಂದು ಯಾವ ಹಿರಿಯರೂ ಹೇಳಿದುದನ್ನು ನಾನು ಕೇಳಿಲ್ಲ.

ಆ ಲೀಗು 1984ರಲ್ಲಿ ಮುಚ್ಚಿತು. ಅದಕ್ಕೆ ಕಾರಣ ಸದ್ದಲ್ಲ; ದುಂದು. ಒಂದು ಹಂತದಲ್ಲಿ 24 ತಂಡಗಳಾಗಿದ್ದವು. ಎಲ್ಲರೂ ಕಾಸ್ಮಾಸಿನಂತೆ ವಿದೇಶದ ವಯಸ್ಸಾದ ಆಟಗಾರರಿಗೆ ಹಣ ಸುರಿದರು. ಸ್ವಂತ ಊರಿನ ಹುಡುಗರನ್ನು ಬೆಳೆಸುವುದು ತಡವಾಯಿತು. ಗೋಡೆ ಏಳುವ ಮೊದಲೇ ಮಾಡು ಹೊದಿಸಿದ ಮನೆ ಎಷ್ಟು ದಿನ ನಿಂತೀತು?

ಹತ್ತು ವರ್ಷಗಳ ಮೇಲೆ, 1994ರಲ್ಲಿ, ಅದೇ ದೇಶಕ್ಕೆ ವಿಶ್ವಕಪ್ ನಡೆಸುವ ಭಾಗ್ಯ ಬಂತು. ಅದರ ಪ್ರಾರಂಭೋತ್ಸವದ ದೃಶ್ಯವನ್ನು ನೋಡದವರು ಒಮ್ಮೆ ನೋಡಬೇಕು. ಷಿಕಾಗೋ ನಗರದಲ್ಲಿ ಪ್ರಸಿದ್ಧ ಗಾಯಕಿ ಡಯಾನಾ ರಾಸ್ ಹಾಡುತ್ತ ಓಡಿಬಂದು ಗೋಲಿಗೆ ಚೆಂಡು ಒದೆಯಬೇಕು. ಆ ಹೊಡೆತಕ್ಕೆ ಗೋಲಿನ ಕಂಬಗಳು ಎರಡಾಗಿ ಸೀಳಬೇಕು. ಆಕೆ ಒದ್ದ ಚೆಂಡು ಕೆಲವೇ ಗಜ ದೂರದಿಂದಲೂ ಗುರಿತಪ್ಪಿ ಪಕ್ಕಕ್ಕೆ ಹೋಯಿತು. ಕಂಬಗಳು ಮಾತ್ರ ಹೇಳಿಕೊಟ್ಟ ಪ್ರಕಾರ ಸೀಳಿಯೇ ಸೀಳಿದವು! ಯುರೋಪಿನವರು ಈ ದೃಶ್ಯವನ್ನು ಇಂದಿಗೂ ನೆನೆದು ನಗುತ್ತಾರೆ. ನಾನೂ ನಕ್ಕಿದ್ದೇನೆ. ಆದರೆ ಆ ಪಂದ್ಯಾವಳಿಗೆ ಬಂದ ಜನ ಒಟ್ಟು 35 ಲಕ್ಷ 87 ಸಾವಿರ. 2022ರ ತನಕ ನಡೆದ ಯಾವ ಪುರುಷರ ವಿಶ್ವಕಪ್ಪೂ ಆ ಸಂಖ್ಯೆಯನ್ನು ಮೀರಿಲ್ಲ.

1996ರಲ್ಲಿ ಮೇಜರ್ ಲೀಗ್ ಸಾಕರ್ ಎಂಬ ಇಂದಿನ ಲೀಗು ಪ್ರಾರಂಭವಾಯಿತು. ಮೊದಲ ವರ್ಷಗಳಲ್ಲಿ ಅವರು ಆಟ ಸಮವಾಗಲು ಬಿಡುತ್ತಿರಲಿಲ್ಲ. ಆಟಗಾರನೊಬ್ಬ 35 ಗಜ ದೂರದಿಂದ ಚೆಂಡನ್ನು ಉರುಳಿಸುತ್ತ ಬಂದು ಐದು ಸೆಕೆಂಡಿನೊಳಗೆ ಗೋಲ್‌ಕೀಪರನನ್ನು ವಂಚಿಸಬೇಕಾಗಿತ್ತು. ಜಗತ್ತು ಹಾಸ್ಯಮಾಡಿತು; 2000ದಲ್ಲಿ ಕೈಬಿಟ್ಟರು. ನನಗೇನೋ ಅದು ಸಾಧಾರಣ ಪೆನಾಲ್ಟಿಗಿಂತ ಚೆಂದವೆಂದೇ ತೋರುತ್ತದೆ. ಪೋರ್ಟ್‌ಲೆಂಡಿನ ತಂಡ ಗೋಲು ಹೊಡೆದಾಗಲೆಲ್ಲ ಒಬ್ಬ ಮರ ಕೊಯ್ಯುವವನು ಗರಗಸದ ಯಂತ್ರ ಹಿಡಿದು ದೊಡ್ಡ ದಿಮ್ಮಿಯಿಂದ ಒಂದು ಬಿಲ್ಲೆಯನ್ನು ಕೊಯ್ಯುತ್ತಾನೆ. ಅದು ಮರಮುಟ್ಟಿನ ವ್ಯಾಪಾರದಿಂದ ಬೆಳೆದ ಸೀಮೆ. ಅವರ ಹಲಗೆ ವಾದ್ಯ ಅದು. ಸಿಯಾಟಲ್ ತಂಡದ ಪಾಲುದಾರನಾದ ಹಾಸ್ಯನಟ ಡ್ರೂ ಕೇರಿ, ತಂಡಕ್ಕೆ ಒಂದು ವಾದ್ಯಮೇಳ ಬೇಕೆಂದೂ, ತಂಡದ ವ್ಯವಸ್ಥಾಪಕನನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂದು ಮತ ಹಾಕುವ ಹಕ್ಕು ಅಭಿಮಾನಿಗಳಿಗೆ ಇರಬೇಕೆಂದೂ ಹಟಹಿಡಿದು ಕೊಡಿಸಿದ. ಸಿನಿಮಾದವರು ಬಂದುದರಿಂದ ಆಟ ಹಾಳಾಯಿತೆನ್ನುವವರು ಇದಕ್ಕೆ ಏನು ಹೇಳುತ್ತಾರೆ? ಬೆಂಗಳೂರಿನ ತಂಡದ ನಾಯಕನಾಗಿ ನಮಗೆಲ್ಲ ಬೇಕಾದ ಸುನಿಲ್ ಛೇತ್ರಿಯವರು 2010ರಲ್ಲಿ ಇದೇ ಲೀಗಿನ ಕಾನ್ಸಸ್ ಸಿಟಿ ತಂಡವನ್ನು ಸೇರಿದ್ದರೆಂಬುದು ಕ್ಯಾಂಟೀನಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ಇರಲಿ. ನಾನು ಈ ಆಟಕ್ಕೆ ಮನಸೋತುದಕ್ಕೆ ನಿಜವಾದ ಕಾರಣ ಬೇರೆ. ಕಳೆದ ವರ್ಷ ಇಂಗ್ಲಿಷ್ ವಿಭಾಗದವರು ‘ಬೆಂಡ್ ಇಟ್ ಲೈಕ್ ಬೆಕ್‌ಹ್ಯಾಮ್’ ಎಂಬ 2002ರ ಚಿತ್ರವನ್ನು ತೋರಿಸಿದರು. ಲಂಡನ್ನಿನ ಪಂಜಾಬಿ ಮನೆತನದ ಹುಡುಗಿಯೊಬ್ಬಳು ತಾಯಿತಂದೆಗಳ ಕಣ್ಣುತಪ್ಪಿಸಿ ಕಾಲ್ಚೆಂಡಾಡುವ ಕಥೆ. ಕೊನೆಗೆ ಅವಳೂ ಅವಳ ಗೆಳತಿಯೂ ವಿದ್ಯಾರ್ಥಿವೇತನ ಪಡೆದು ಆಡುವುದಕ್ಕೂ ಓದುವುದಕ್ಕೂ ವಿಮಾನ ಹತ್ತುತ್ತಾರೆ. ಎಲ್ಲಿಗೆ? ಅಮೆರಿಕಕ್ಕೆ. ಚಿತ್ರ ಮುಗಿದು ದೀಪ ಹಾಕಿದ ಮೇಲೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಟದ ತವರಿನಲ್ಲಿಯೇ ಇರುವ ಹುಡುಗಿ ಆಟಕ್ಕಾಗಿ ಆಟವೇ ಬಾರದವರ ದೇಶಕ್ಕೆ ಏಕೆ ಹೋಗಬೇಕು?

ಹುಡುಕುತ್ತ ಹೋದಾಗ ಉತ್ತರ ದೊರೆಯಿತು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳ ಹೆಣ್ಣುಮಕ್ಕಳು ಕಾಲ್ಚೆಂಡಾಡಿ ಸಾವಿರಾರು ಜನರನ್ನು ಸೆಳೆಯುತ್ತಿದ್ದರು. 1921ರ ಡಿಸೆಂಬರಿನಲ್ಲಿ ಅಲ್ಲಿನ ಫುಟ್‌ಬಾಲ್ ಅಸೋಸಿಯೇಷನ್ನು, ಈ ಆಟ ಹೆಂಗಸರಿಗೆ ಹೇಳಿದ್ದಲ್ಲವೆಂದು ತೀರ್ಮಾನಿಸಿ, ತನ್ನ ಅಧೀನದ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಆ ಬೀಗ ತೆಗೆದುದು ಸುಮಾರು ಐವತ್ತು ವರ್ಷಗಳ ನಂತರ. ಪರಂಪರೆ ಎಂಬುದರ ಕೈಯಲ್ಲಿ ಬೀಗದ ಕೈಯೂ ಇರುತ್ತದೆ.

ಅಮೆರಿಕದಲ್ಲಿ ಈ ಆಟಕ್ಕೆ ಅಂಥ ಯಜಮಾನರಿರಲಿಲ್ಲ. ಗಂಡಸರು ತಮ್ಮ ಪೌರುಷವನ್ನೆಲ್ಲ ಆ ಬೇರೆಯ ಫುಟ್‌ಬಾಲಿನಲ್ಲಿಯೂ ಬೇಸ್‌ಬಾಲಿನಲ್ಲಿಯೂ ಹೂಡಿದ್ದರಿಂದ ಸಾಕರಿನ ಕಣ ಅರ್ಧ ಖಾಲಿಯಾಗಿತ್ತು. 1972ರಲ್ಲಿ ‘ಟೈಟಲ್ ನೈನ್’ ಎಂಬ ಕಾನೂನು ಬಂತು. ಅದರ ಮುಖ್ಯ ವಾಕ್ಯ ಇಂಗ್ಲಿಷಿನಲ್ಲಿ 37 ಶಬ್ದಗಳದು: ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಕಾರ್ಯದಲ್ಲಿಯೂ ಹೆಣ್ಣು-ಗಂಡೆಂಬ ಕಾರಣದಿಂದ ಯಾರನ್ನೂ ಹೊರಗಿಡಬಾರದು ಎಂಬುದು ಅದರ ತಾತ್ಪರ್ಯ. ಆ ವಾಕ್ಯದಲ್ಲಿ ಆಟ ಎಂಬ ಶಬ್ದವೇ ಇಲ್ಲ. ಆದರೂ ಕಾಲೇಜುಗಳು ಹುಡುಗಿಯರಿಗಾಗಿ ತಂಡಗಳನ್ನು ಕಟ್ಟಬೇಕಾಯಿತು. ಹೆಚ್ಚು ಸಲಕರಣೆ ಬೇಡದ, ಬಹಳ ಮಂದಿ ಆಡಬಹುದಾದ ಸಾಕರ್ ಅದಕ್ಕೆ ಒದಗಿಬಂತು. 1991ರಲ್ಲಿ ಚೀನಾದಲ್ಲಿ ನಡೆದ ಹೆಂಗಸರ ಮೊದಲ ವಿಶ್ವ ಪಂದ್ಯಾವಳಿಯನ್ನು ಅಮೆರಿಕದವರೇ ಗೆದ್ದರು. ಅದಕ್ಕೆ ‘ವಿಶ್ವಕಪ್’ ಎಂಬ ಹೆಸರನ್ನು ಕೊಡಲು ಫಿಫಾದವರಿಗೆ ಧೈರ್ಯ ಸಾಲದೆ ಒಂದು ಮಿಠಾಯಿಯ ಹೆಸರಿನ ಕಪ್ಪೆಂದು ಕರೆದರು. ಆಟವನ್ನು ತೊಂಬತ್ತರ ಬದಲು ಎಂಬತ್ತು ನಿಮಿಷಕ್ಕೆ ಇಳಿಸಿದರು. ಹತ್ತು ನಿಮಿಷದ ಉಸಿರು ಹೆಂಗಸರಿಗೆ ಕಡಮೆಯೆಂದು ಯಾರು ಅಳೆದಿದ್ದರೋ!

1999ರ ಜುಲೈ 10ರಂದು ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ ಹೆಂಗಸರ ಆಟ ನೋಡಲು 90,185 ಮಂದಿ ಕುಳಿತಿದ್ದರು. ಚೀನಾದ ಮೇಲೆ ಗೋಲಿಲ್ಲದೆ ಸಮವಾಗಿ, ಪೆನಾಲ್ಟಿಗಳು ನಡೆದು, ಕೊನೆಯದನ್ನು ಬ್ರಾಂಡಿ ಚೇಸ್ಟೇನ್ ಎಡಗಾಲಿನಿಂದ ಒದ್ದು ಗೆಲ್ಲಿಸಿದಳು. ಒದ್ದವಳೇ ಗಂಡು ಆಟಗಾರರು ಮಾಡುವಂತೆ ಮೇಲಂಗಿ ಕಳಚಿ ಬೀಸುತ್ತ ಮೊಣಕಾಲೂರಿದಳು. ಜಗತ್ತಿನ ಪತ್ರಿಕೆಗಳು ಆ ಅಂಗಿಯ ವಿಷಯವನ್ನೇ ಚರ್ಚಿಸಿದವು. ನಾನು ಆ ತುಣುಕನ್ನು ಹಲವು ಸಲ ನೋಡಿದ್ದೇನೆ. ನನ್ನ ಕಣ್ಣು ಹೋಗುವುದು ಅಂಗಿಯ ಕಡೆಗಲ್ಲ, ಹಿಂದೆ ಕುಳಿತ ಜನರ ಕಡೆಗೆ. ಮುಖಕ್ಕೆ ಬಣ್ಣ ಬಳಿದುಕೊಂಡ ಪುಟ್ಟ ಹುಡುಗಿಯರು ತಂದೆಯರ ಹೆಗಲ ಮೇಲೆ ಕುಳಿತು ಕಿರುಚುತ್ತಿದ್ದಾರೆ. ಅವ್ವ ಒಮ್ಮೆ ಇಣುಕಿ ನೋಡಿ, “ಇಷ್ಟ ಮಂದಿ ಹೆಣಮಕ್ಕಳ ಆಟ ನೋಡಾಕ ಬಂದಾರ?” ಎಂದಳು. ಅಂಗಿಯ ವಿಷಯ ಅವಳೂ ಎತ್ತಲಿಲ್ಲ.

ಈಗ ತಪ್ಪಿನ ಮಾತಿಗೆ ಬರುತ್ತೇನೆ. ಬಾಗಿಲಿಲ್ಲದ ಮನೆಯೆಂದು ಹುಡುಗಿಯರೂ ವಲಸೆ ಬಂದವರೂ ಒಳಹೊಕ್ಕ ಆ ಆಟಕ್ಕೆ ಅಮೆರಿಕದವರು ಆಮೇಲೆ ತಾವೇ ಬಾಗಿಲಿಟ್ಟರು. ಬಾಗಿಲಿನಲ್ಲಿ ಶುಲ್ಕ ವಸೂಲಿಗೆ ಕುಳಿತರು. ಅಲ್ಲಿ ಮಗು ಚೆನ್ನಾಗಿ ಆಡಬೇಕಾದರೆ ಕ್ಲಬ್ಬಿಗೆ ಸೇರಬೇಕು. ಒಳ್ಳೆಯ ಕ್ಲಬ್ಬಿಗೆ ವರ್ಷಕ್ಕೆ ಸಾವಿರಾರು ಡಾಲರು. ಮಕ್ಕಳನ್ನು ಮೋಟಾರಿನಲ್ಲಿ ಮೈದಾನದಿಂದ ಮೈದಾನಕ್ಕೆ ಒಯ್ಯುವ ಅನುಕೂಲಸ್ಥ ಮನೆಯ ತಾಯಿಗೆ ‘ಸಾಕರ್ ಮಾಮ್’ ಎಂದು ಹೆಸರಾಗಿ, 1996ರ ಅಧ್ಯಕ್ಷರ ಚುನಾವಣೆಯಲ್ಲಿ ಅವಳದೊಂದು ಮತದಾರರ ವರ್ಗವೇ ಆಗಿಬಿಟ್ಟಿತು. ವಿಶ್ವಕಪ್ ಗೆದ್ದ ಗೋಲ್‌ಕೀಪರ್ ಹೋಪ್ ಸೋಲೊ 2018ರಲ್ಲಿ, ತಾನು ಇಂದು ಚಿಕ್ಕ ಹುಡುಗಿಯಾಗಿದ್ದರೆ ತನ್ನ ಮನೆಯವರಿಗೆ ಈ ಖರ್ಚು ಭರಿಸಲಾಗುತ್ತಿರಲಿಲ್ಲವೆಂದು ಬಹಿರಂಗವಾಗಿ ಹೇಳಿದಳು. ತಟ್ಟೆ ತೊಳೆಯುವ ಗೇಟ್ಯೆನ್ಸನನ್ನು ಆಡಿಸಿದ ದೇಶದಲ್ಲಿ ತಟ್ಟೆ ತೊಳೆಯುವವನ ಮಗ ಇಂದು ಆಡುವುದು ಕಷ್ಟ.

ಮೇಲಿನ ಲೀಗಿನ ರೀತಿಯೂ ಅದೇ. ಅಲ್ಲಿ ಸೋತವನು ಕೆಳಗಿಳಿಯುವುದಿಲ್ಲ, ಗೆದ್ದವನು ಕೆಳಗಿನಿಂದ ಮೇಲೆ ಬರುವುದಿಲ್ಲ. ಹಣ ಕೊಟ್ಟವನು ಬರುತ್ತಾನೆ. 2023ರಲ್ಲಿ ಸ್ಯಾನ್ ಡಿಯಾಗೊ ತಂಡಕ್ಕೆ ಗೊತ್ತಾದ ಪ್ರವೇಶ ಶುಲ್ಕ 50 ಕೋಟಿ ಡಾಲರು. ಅದೇ ವರ್ಷದ ಜುಲೈಯಲ್ಲಿ ಮೆಸ್ಸಿ ಮಯಾಮಿಗೆ ಬಂದು ಮೊದಲ ಆಟದ ಕಡೆಯ ಕ್ಷಣದಲ್ಲಿ ಗೋಲು ಹೊಡೆದಾಗ ಚಿತ್ರತಾರೆಯರು, ಬ್ಯಾಸ್ಕೆಟ್‌ಬಾಲಿನ ಲೆಬ್ರಾನ್ ಜೇಮ್ಸ್, ಟೆನಿಸ್ಸಿನ ಸೆರೀನಾ ವಿಲಿಯಮ್ಸ್ ಎಲ್ಲರೂ ಇದ್ದರು. ಅವರು ಇದ್ದುದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಗುಲಾಬಿ ಅಂಗಿಯ ಮೆಸ್ಸಿಯನ್ನು ನಾನೂ ಕಣ್ಣು ಮಿಟುಕಿಸದೆ ನೋಡಿದೆ.

ಇನ್ನೊಂದು ವಿಚಿತ್ರ ನೋಡಿ. ಹಾಲಿವುಡ್ಡಿನ ರಯನ್ ರೆನಾಲ್ಡ್ಸ್ ಮತ್ತು ರಾಬ್ ಮ್ಯಾಕೆಲ್‌ಹೆನಿ ಎಂಬ ನಟರಿಬ್ಬರು 2021ರಲ್ಲಿ ವೇಲ್ಸಿನ ರೆಕ್ಸ್‌ಹ್ಯಾಮ್ ಎಂಬ ಬಡ ತಂಡವನ್ನು ಕೊಂಡರು. ಅದು ಆಗ ಐದನೆಯ ಮೆಟ್ಟಿಲಿನಲ್ಲಿತ್ತು. 2023, 2024, 2025 ಹೀಗೆ ಸಾಲಾಗಿ ಮೂರು ವರ್ಷ ಮೇಲೇರಿ ಎರಡನೆಯ ಮೆಟ್ಟಿಲು ತಲುಪಿತು. ಈ ಏರಿಕೆಯ ಚಿತ್ರಮಾಲೆಯನ್ನು ಅಮೆರಿಕದ ಜನ ಆನಂದಬಾಷ್ಪ ಸುರಿಸುತ್ತ ನೋಡಿದರು. ತಮ್ಮ ಮನೆಯಲ್ಲಿಲ್ಲದ ಏಣಿಯನ್ನು ಪರರ ಮನೆಯಲ್ಲಿ ಕಂಡು ಅತ್ತಂತಾಯಿತು. ಯು.ಎಸ್.ಎಲ್. ಎಂಬ ಕೆಳಗಿನ ಲೀಗಿನವರು 2025ರಲ್ಲಿ ತಮ್ಮೊಳಗೆ ಏರಿಳಿತದ ಪದ್ಧತಿಯನ್ನು ತರುವುದೆಂದು ನಿರ್ಧರಿಸಿದರು. ಆದರೆ ಆ ಏಣಿ ಮೇಜರ್ ಲೀಗಿನ ಅಟ್ಟಕ್ಕೆ ತಾಗುವುದಿಲ್ಲ. ಅಮೆರಿಕವನ್ನು ನಗಬೇಕೆನ್ನುವವರು ಸಾಕರ್ ಎಂಬ ಶಬ್ದಕ್ಕೆ ನಗುವುದನ್ನು ಬಿಟ್ಟು ಇದಕ್ಕೆ ನಗಲಿ. ನನಗೆ ಇದಕ್ಕೆ ನಗಲೂ ಬಾರದು. ಸರ್ಕಾರಿ ಕಾಲೇಜಿನ ಶುಲ್ಕ ಇನ್ನೊಂದಿಷ್ಟು ಹೆಚ್ಚಾಗಿದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಯಾವುದೋ ಅಂಗಡಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ.

ಕಡೆಯದಾಗಿ ನಮ್ಮ ಚೆಂಡಿನ ಸಮಾಚಾರ. ಕ್ರೀಡಾ ಕೊಠಡಿಯಲ್ಲಿರುವ ಕಾಲ್ಚೆಂಡನ್ನು ಹುಡುಗಿಯರಿಗೂ ಕೊಡಬೇಕೆಂದು ಜುಲೈಯಲ್ಲಿ ಅರ್ಜಿ ಕೊಟ್ಟಿದ್ದೆ. “ನಿಮ್ದು ಟೀಮ್ ಆಗೂದಿಲ್ಲವ್ವಾ, ಥ್ರೋಬಾಲ್ ಆಡ್ರಿ” ಎಂಬ ಉತ್ತರ ಬಂದಿತ್ತು. ಎರಡನೆಯ ಅರ್ಜಿಯನ್ನು ಎಣಿಸಿ ಮೂವತ್ತೇಳು ಶಬ್ದಗಳಲ್ಲಿ ಬರೆದೆ. ಪರಿಶೀಲಿಸಲಾಗುವುದೆಂದರು, ಪರಿಶೀಲಿಸಿಯೂ ಪರಿಶೀಲಿಸಿದರು. ಈಗ ಬುಧವಾರ ಮತ್ತು ಶನಿವಾರ ಸಂಜೆ ನಾಲ್ಕೂವರೆಯಿಂದ ಐದೂವರೆಯವರೆಗೆ ಚೆಂಡು ನಮ್ಮದು. ಗಾಳಿ ನಿಲ್ಲುವುದಿಲ್ಲ, ಅರ್ಧ ಗಂಟೆಗೊಮ್ಮೆ ಪಂಪು ಒತ್ತಬೇಕು. ಏಳು ಮಂದಿಯಿದ್ದೇವೆ. ನಮ್ಮ ಹಳ್ಳಿಯ ಕಡೆಯ ಬಸ್ಸು ಐದೂಕಾಲಿಗೇ ಹೊರಡುವುದರಿಂದ ಮೂವರು ಆಟದ ನಡುವೆಯೇ ಚೀಲ ಹೆಗಲಿಗೇರಿಸಿ ಓಡಬೇಕು. ಆಮೇಲೆ ಉಳಿದ ನಾಲ್ವರು ಇಬ್ಬರಿಗಿಬ್ಬರಂತೆ ಆಡುತ್ತಾರೆ.